ಆ್ಯಕ್ಟಿವ್ ಬೇಸ್ ಗಿಟಾರಿನ ನಾಬ್‌ಗಳು

ತಂತಿಯ ಕಂಪನದಿಂದ ಹುಟ್ಟಿದ ವಿದ್ಯುತ್ ಸಂಕೇತವನ್ನು ಒಡಲೊಳಗಿನ ಪುಟ್ಟ ಪ್ರೀಆಂಪ್ ಮೂಲಕ ಹಾಯಿಸಿ ಹೊರಗೆ ಕಳಿಸುವ ವಾದ್ಯ ಆ್ಯಕ್ಟಿವ್ ಬೇಸ್ ಗಿಟಾರ್. ಆ ಪ್ರೀಆಂಪ್ ನಡೆಯುವುದು ಬ್ಯಾಟರಿಯ ಬಲದಿಂದ. ಸಾದಾ, ಅಂದರೆ ಪ್ಯಾಸಿವ್ ಬೇಸಿನ ಮೇಲೆ ಎರಡೋ ಮೂರೋ ನಾಬ್ ಇದ್ದರೆ ಇದರ ಮೇಲೆ ನಾಲ್ಕೈದು ಇರುತ್ತವೆ. ಕೆಲವು ಒಂದರ ಮೇಲೊಂದು ಕೂತ ಜೋಡಿ ನಾಬ್‌ಗಳು, ಜೊತೆಗೆ ಒಂದೆರಡು ಸಣ್ಣ ಸ್ವಿಚ್. ಬಹಳಷ್ಟು ವಾದ್ಯಗಳಲ್ಲಿ ಯಾವುದು ಯಾವ ನಾಬ್ ಎಂದು ಬರೆದಿರುವುದೇ ಇಲ್ಲ. ಹಾಗಾಗಿ ಹೊಸದಾಗಿ ಕೊಂಡವರು ಎಲ್ಲವನ್ನೂ ಬಲಗಡೆಯ ಕೊನೆಗೆ ತಿರುಗಿಸಿ ನುಡಿಸಲು ಹೊರಡುತ್ತಾರೆ. ವೇದಿಕೆಯ ಮೇಲೆ ಸ್ವರ ಕೇಳದೆ ಬರೀ ಗುಂಯ್ ಎನ್ನುವ ಸದ್ದು ತುಂಬಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ.

ಬೇಸ್ ಗಿಟಾರಿನ ಇತಿಹಾಸದಲ್ಲಿ ಬ್ಯಾಟರಿ ಬಂದದ್ದು ತಡವಾಗಿ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನಲ್ಲಿ ಒಂದು ವಾಲ್ಯೂಮ್, ಒಂದು ಟೋನ್, ಇಷ್ಟೇ. 1960ರ ಜಾಝ್ ಬೇಸಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಎರಡಾದವು, ನಾಬ್‌ಗಳೂ ಹೆಚ್ಚಿದವು. ಕ್ಯಾಲಿಫೋರ್ನಿಯಾದಲ್ಲಿ 1969ರ ಸುಮಾರಿಗೆ ಶುರುವಾದ ಅಲೆಂಬಿಕ್ ಸಂಸ್ಥೆಯಲ್ಲಿ ರಾನ್ ವಿಕರ್‌ಶ್ಯಾಮ್ ಅವರು ಬೇಸಿನ ಒಡಲಿಗೇ ಎಲೆಕ್ಟ್ರಾನಿಕ್ಸ್ ಕೂರಿಸಿದರು. ಫಿಲ್ ಲೆಶ್, ಜ್ಯಾಕ್ ಕ್ಯಾಸಡಿ, ಆಮೇಲೆ ಸ್ಟ್ಯಾನ್ಲಿ ಕ್ಲಾರ್ಕ್ ಅಂಥ ವಾದ್ಯಗಳನ್ನು ನುಡಿಸಿದರು. ಅವು ಒಬ್ಬೊಬ್ಬರಿಗಾಗಿ ಕೈಯಲ್ಲಿ ಮಾಡಿದ ದುಬಾರಿ ವಾದ್ಯಗಳು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಬೇಸಿಗೆ ಪ್ರೀಆಂಪ್ ಸೇರಿಸಿ ಅದನ್ನು ಸಾಮಾನ್ಯ ವಾದಕನ ಕೈಗೆ ತಲುಪಿಸಿದ್ದು 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ. ಅದರ ಹಿಂದೆಯೂ ಲಿಯೋ ಫೆಂಡರ್ ಇದ್ದರು. ಪ್ರೀಆಂಪ್ ಟಾಮ್ ವಾಕರ್ ಅವರದು. ಶಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ 1970ರ ದಶಕದ ಕೊನೆಯಲ್ಲಿ ನುಡಿಸಿದ ಡಿಸ್ಕೋ ಹಾಡುಗಳಲ್ಲಿ ಆ ವಾದ್ಯದ ಸ್ಪಷ್ಟ, ಬಿಗಿಯಾದ ದನಿಯನ್ನು ಇವತ್ತಿಗೂ ಕೇಳಬಹುದು.

ಕನ್ನಡಿಗರ ಕಿವಿಗೆ ಬೇಸ್ ಹತ್ತಿರವಾದದ್ದು ಮೊದಲು ಸಿನಿಮಾದಿಂದ. ಶಂಕರ್‌ನಾಗ್ ನಿರ್ದೇಶಿಸಿದ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ (1983) ಎರಡಕ್ಕೂ ಸಂಗೀತ ಇಳಯರಾಜಾ ಅವರದು. ಗಾಯಕರ ದನಿಯ ಕೆಳಗೆ ಬೇಸ್ ತನ್ನದೇ ಒಂದು ರಾಗದ ದಾರಿ ಹಿಡಿದು ನಡೆಯುವುದನ್ನು ಈ ಹಾಡುಗಳಲ್ಲಿ ಗಮನವಿಟ್ಟು ಕೇಳಬೇಕು. ಬೆಂಗಳೂರಿನ ವೇದಿಕೆಗಳಲ್ಲಿ ವಾದ್ಯಕ್ಕೆ ಮುಖ ಕೊಟ್ಟವರು ಬ್ಯಾಂಡುಗಳವರು: 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಜಿಷ್ಣು ದಾಸ್‌ಗುಪ್ತಾ ಬೇಸ್ ನುಡಿಸುವ ಸ್ವರಾತ್ಮ, ಗೌರವ್ ವಾಜ್ ಬಹುಕಾಲ ಬೇಸ್ ನುಡಿಸಿದ ರಘು ದೀಕ್ಷಿತ್ ಪ್ರಾಜೆಕ್ಟ್. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಗಳಿವೆ. ಏಕತಾರಿ, ದಮ್ಮಡಿಗಳ ಜೊತೆ ಬೆಳೆದ ಆ ಪದಗಳನ್ನು ಬೇಸ್ ಗಿಟಾರಿನ ಜೊತೆ ಹಾಡುವ ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಯಿತು.

ಬೇಸ್ ಗಿಟಾರ್ ಹೊಸತಾದರೂ ಗದಗ ಸೀಮೆಗೆ ಮಂದ್ರ ಸ್ವರದ ರುಚಿಯನ್ನು ಯಾರೂ ಹೊರಗಿನಿಂದ ತಂದು ಕಲಿಸಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರಿಗೆ ತಂಬೂರಿಯ ಖರ್ಜದ ತಂತಿ ಅಂದರೆ ಏನೆಂದು ಗೊತ್ತು. ಲೆಕ್ಕ ಹಾಕಿದರೆ ಒಂದು ಸಂಗತಿ ಹೊಳೆಯುತ್ತದೆ. ಗಂಡುದನಿಯ ಗಾಯಕರು ಸಾಮಾನ್ಯವಾಗಿ ಹಿಡಿಯುವ ಕರಿ ಒಂದರ ಶ್ರುತಿಯಲ್ಲಿ ಷಡ್ಜ ಸೆಕೆಂಡಿಗೆ ಸುಮಾರು 138.6 ಕಂಪನ, ಖರ್ಜ ಅದರ ಅರ್ಧ, 69.3. ಬೇಸ್ ಗಿಟಾರಿನ ನಾಲ್ಕು ತಂತಿಗಳು ಕೆಳಗಿನಿಂದ ಇ, ಎ, ಡಿ, ಜಿ. ಅವುಗಳ ಕಂಪನ 41.2, 55, 73.4 ಮತ್ತು 98 ಹರ್ಟ್ಸ್. ಖರ್ಜದ ಸ್ವರ ಸಿಗುವುದು ಎ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿ. ಅಂದರೆ ತಂಬೂರಿಯ ತಳ ಮುಟ್ಟಿದ ಮೇಲೂ ಬೇಸಿಗೆ ಇಳಿಯಲು ಜಾಗ ಉಳಿದಿರುತ್ತದೆ. ಐದನೆಯ ಬಿ ತಂತಿ ಇರುವ ಬೇಸ್ 30.9 ಹರ್ಟ್ಸ್‌ವರೆಗೂ ಹೋಗುತ್ತದೆ. ಇಷ್ಟು ಆಳದ ಸ್ವರಗಳನ್ನು ನಾಬ್‌ನಿಂದ ಇನ್ನಷ್ಟು ಉಬ್ಬಿಸುವ ಮುಂಚೆ ಯೋಚಿಸಬೇಕಾದ್ದು ಇದಕ್ಕೇ.

ಪ್ರೀಆಂಪ್ ಇರುವುದು ಸದ್ದನ್ನು ಜೋರು ಮಾಡಲಿಕ್ಕೆ ಎಂಬುದು ಸಾಮಾನ್ಯ ನಂಬಿಕೆ. ಅದರ ಮುಖ್ಯ ಉಪಕಾರ ಬೇರೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಅದು ಕೊಡುವ ಸಂಕೇತ ತೀರ ಮೆತ್ತಗಿನದು, ಎದುರಿಗಿರುವ ಪ್ರತಿ ಭಾರಕ್ಕೂ ಬಾಗುವಂಥದು. ಕೇಬಲ್ಲಿಗೂ ತನ್ನದೊಂದು ಭಾರವಿದೆ: ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಂತೆ ಹಿಡಿದರೆ ಆರು ಮೀಟರಿಗೆ 600. ಪ್ಯಾಸಿವ್ ಬೇಸಿನ 250 ಕಿಲೋ ಓಮ್ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದಾಗ ಆ ಕೇಬಲ್ ನಾಲ್ಕು ಸಾವಿರ ಹರ್ಟ್ಸ್‌ನ ಆಸುಪಾಸಿನಿಂದಲೇ ಟ್ರೆಬಲ್ಲನ್ನು, ಅಂದರೆ ಮೇಲಿನ ಕಂಪನಗಳನ್ನು, ನುಂಗಲು ತೊಡಗುತ್ತದೆ. ವಾಲ್ಯೂಮ್ ಕಡಿಮೆ ಮಾಡಿದರೆ ದನಿಯೂ ಮಂಕಾಯಿತು ಎಂದು ಹಳೆಯ ಬೇಸಿನವರು ಹೇಳುವುದು ನಿಜ, ಕಾರಣ ಇದೇ. ಆ್ಯಕ್ಟಿವ್ ಬೇಸಿನ ಕೊನೆಯಲ್ಲಿ ಒಂದು ಕಿಲೋ ಓಮ್‌ನ ಆಸುಪಾಸಿನ ಪ್ರತಿರೋಧ ಇದ್ದರೆ ಅದೇ ಕೇಬಲ್ಲಿನ ಪೆಟ್ಟು ಬೀಳುವುದು ಎರಡು ಲಕ್ಷ ಹರ್ಟ್ಸ್‌ಗೂ ಆಚೆ. ಮನುಷ್ಯನ ಕಿವಿ ಮುಟ್ಟುವುದು ಇಪ್ಪತ್ತು ಸಾವಿರದವರೆಗೆ ಮಾತ್ರ. ಊರ ಬಯಲಿನಲ್ಲಿ ವೇದಿಕೆಯಿಂದ ಮಿಕ್ಸರಿನವರೆಗೆ ಉದ್ದ ಕೇಬಲ್ ಎಳೆಯುವವರಿಗೆ ಇದು ದೊಡ್ಡ ಲಾಭ.

ಪ್ಯಾಸಿವ್ ಟೋನ್ ನಾಬ್‌ಗೆ ಗೊತ್ತಿರುವುದು ಟ್ರೆಬಲ್ ತಗ್ಗಿಸುವ ಒಂದೇ ಕೆಲಸ. ಆ್ಯಕ್ಟಿವ್ ಈಕ್ಯೂ (ಈಕ್ವಲೈಸರ್) ನಾಬ್ ಎರಡು ಕಡೆಗೂ ಹೋಗುತ್ತದೆ. ನಡುವೆ ಕಟ್ ಎಂದು ಬೆರಳಿಗೆ ತಾಗುವ ಒಂದು ಬಿಂದುವಿದೆ. ಅಲ್ಲಿದ್ದಾಗ ಆ ನಾಬ್ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ಬಲಕ್ಕೆ ತಿರುಗಿಸಿದರೆ ಏರಿಕೆ, ಎಡಕ್ಕೆ ಇಳಿಕೆ. ರೇಡಿಯೋದ ವಾಲ್ಯೂಮಿನಂತೆ ಎಡತುದಿಯೇ ಸೊನ್ನೆ ಎಂದುಕೊಂಡರೆ ಇಡೀ ಲೆಕ್ಕ ತಪ್ಪುತ್ತದೆ. ಹಾಗೆಂದು ಎಲ್ಲ ವಾದ್ಯಗಳಲ್ಲೂ ಆ ಕಟ್ ಇರುವುದಿಲ್ಲ. ಬೇಸ್, ಟ್ರೆಬಲ್ ಎರಡೇ ನಾಬ್‌ಗಳ ಈಕ್ಯೂ ಇರುವ ಹಳೆಯ ಸ್ಟಿಂಗ್‌ರೇಯಲ್ಲಿ ನಡುಬಿಂದುವನ್ನು ಕಿವಿಯೇ ಹುಡುಕಬೇಕು.

ಎಷ್ಟು ಏರಿಕೆ ಎಂಬುದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಆರು ಡೆಸಿಬೆಲ್ ಏರಿದರೆ ಸಂಕೇತದ ವೋಲ್ಟೇಜ್ ಎರಡು ಪಟ್ಟು. ಹನ್ನೆರಡಾದರೆ ನಾಲ್ಕು ಪಟ್ಟು, ಶಕ್ತಿಯ ಲೆಕ್ಕದಲ್ಲಿ ಹದಿನಾರು ಪಟ್ಟು. ಹನ್ನೆರಡು ಡೆಸಿಬೆಲ್‌ವರೆಗೆ ಏರುವ ಬೇಸ್ ನಾಬನ್ನು ಕೊನೆಯವರೆಗೆ ತಿರುಗಿಸಿದವನು ಆಂಪ್‌ನಿಂದ ತಳದ ಸ್ವರಗಳಿಗೆ ಹದಿನಾರು ಪಟ್ಟು ವ್ಯಾಟ್ ಕೇಳುತ್ತಿದ್ದಾನೆ. ಆಂಪ್ ಅಷ್ಟು ಕೊಡಲಾರದು. ಕೊಟ್ಟರೂ ಸ್ಪೀಕರಿನ ಕೋನ್ ತಡೆಯಲಾರದು. ಆಮೇಲೆ ಕೇಳುವುದು ಒಡಕು ಸದ್ದು.

ನಾಬ್‌ಗಳನ್ನು ಗುರುತಿಸುವ ಸುಲಭ ದಾರಿ ಕತ್ತಿನ ಕಡೆಯಿಂದ ಹೊರಡುವುದು. ಸಾಮಾನ್ಯವಾಗಿ ಮೊದಲು ಸಿಗುವುದು ವಾಲ್ಯೂಮ್. ಎರಡನೆಯದು ಬ್ಯಾಲೆನ್ಸ್, ಇದನ್ನೇ ಕೆಲವರು ಬ್ಲೆಂಡ್, ಕೆಲವರು ಪ್ಯಾನ್ ಅನ್ನುತ್ತಾರೆ. ಮುಂದಿನವು ಬೇಸ್, ಮಿಡ್, ಟ್ರೆಬಲ್. ಈ ಕ್ರಮ ಕಂಪನಿಯಿಂದ ಕಂಪನಿಗೆ ಅದಲುಬದಲಾಗುತ್ತದೆ. ಕೆಲವು ಮಾದರಿಗಳಲ್ಲಿ ಜೋಡಿ ನಾಬ್‌ನ ಮೇಲಿನದು ವಾಲ್ಯೂಮ್, ಕೆಳಗಿನ ಬಳೆ ಪ್ಯಾಸಿವ್ ಟೋನ್. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರಿನಲ್ಲಿ ಬರುವ ಸೈರ್ ವಿ7 ಹಾಗೆಯೇ ಇದೆ. ಅದರ ಮಿಡ್ ಕೂಡ ಜೋಡಿ ನಾಬ್.

ಎರಡು ಪಿಕಪ್‌ಗಳನ್ನು ಬೆರೆಸುವ ಬ್ಯಾಲೆನ್ಸ್ ನಾಬ್ ಎಲ್ಲಕ್ಕಿಂತ ಹೆಚ್ಚು ಗಮನಕ್ಕೆ ಯೋಗ್ಯ, ಎಲ್ಲಕ್ಕಿಂತ ಕಡಿಮೆ ಬಳಕೆಯಲ್ಲಿರುವುದೂ ಅದೇ. ಕತ್ತಿನ ಹತ್ತಿರದ ಪಿಕಪ್ ಇರುವ ಜಾಗದಲ್ಲಿ ತಂತಿ ಅಗಲವಾಗಿ ಅಲುಗಾಡುತ್ತದೆ, ಅಲ್ಲಿಂದ ಬರುವ ದನಿ ದುಂಡಗೆ, ತುಂಬಿಕೊಂಡು ಇರುತ್ತದೆ. ಬ್ರಿಡ್ಜ್ ಹತ್ತಿರದ ಪಿಕಪ್ಪಿಗೆ ಸಿಗುವುದು ಬಿಗಿಯಾದ ಸಣ್ಣ ಅಲುಗಾಟ. ಅದರ ದನಿ ಸ್ವಲ್ಪ ಮೂಗಿನಿಂದ ಬಂದಂತೆ, ಆದರೆ ಪ್ರತಿ ಸ್ವರದ ಅಂಚೂ ಸ್ಪಷ್ಟ. ಜ್ಯಾಕೋ ಪಾಸ್ಟೋರಿಯಸ್ ಅವರ ಮಾತನಾಡುವಂಥ ಬೇಸ್ ದನಿ ಬ್ರಿಡ್ಜ್ ಪಿಕಪ್ಪಿನದು. ಎರಡನ್ನೂ ಸಮವಾಗಿ ಬೆರೆಸಿದರೆ ಕೆಲವು ಮಧ್ಯದ ಕಂಪನಗಳು ಒಂದನ್ನೊಂದು ಹೊಡೆದುಹಾಕಿ ನಡುವೆ ಟೊಳ್ಳಾದ, ಮೇಲೆ ಹೊಳೆಯುವ ದನಿ ಬರುತ್ತದೆ. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಶೈಲಿಗೆ ಹೇಳಿಮಾಡಿಸಿದ್ದು. ಜಾಝ್ ಬೇಸಿನ ಮಾದರಿಯ ಒಂಟಿ ಸುರುಳಿ ಪಿಕಪ್‌ಗಳಲ್ಲಿ ಇನ್ನೊಂದು ಲಾಭವೂ ಇದೆ. ಅವನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿರುವಲ್ಲಿ, ನಾಬ್ ನಡುವೆ ನಿಂತಾಗ ಕರೆಂಟಿನ ಗುಂಯ್‌ಕಾರ ರದ್ದಾಗುತ್ತದೆ. ಒಂದು ಕಡೆಗೆ ವಾಲಿಸಿದ ಕೂಡಲೇ ಅದು ಮತ್ತೆ ಹಾಜರು.

ಆ ಗುಂಯ್‌ಕಾರದ ಬಗ್ಗೆ ನಮ್ಮ ದೇಶದ ವಾದಕರು ತಿಳಿದಿರಬೇಕಾದ ಮಾತೊಂದಿದೆ. ಭಾರತದ ಮನೆಕರೆಂಟು 230 ವೋಲ್ಟ್, 50 ಹರ್ಟ್ಸ್. ಇ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಕರೆಂಟಿನ ಸದ್ದು ಹೆಚ್ಚುಕಡಿಮೆ ಅದೇ ಸ್ವರದ ಮೇಲೆ, ಸ್ವಲ್ಪ ಏರಿದ ಶ್ರುತಿಯಲ್ಲಿ ಕೂತಿರುತ್ತದೆ. ಅದರ ಎರಡನೆಯ ಪಟ್ಟು 100 ಹರ್ಟ್ಸ್, ಖಾಲಿ ಜಿ ತಂತಿ 98. ಜಿ ಶ್ರುತಿಯ ಹಾಡು ನುಡಿಸುವಾಗ ಮೈಕ್‌ಸೆಟ್ಟಿನಲ್ಲಿ ಈ ಗುಂಯ್‌ಕಾರ (ಹಮ್) ಇದ್ದರೆ ಬೇಸ್ ಅಪಶ್ರುತಿಯಾಗಿದೆ ಎಂದೇ ಕೇಳುಗರಿಗೆ ಅನ್ನಿಸಬಹುದು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್ ಆದ್ದರಿಂದ ಅಲ್ಲಿನ ಪುಸ್ತಕಗಳು, ವಿಡಿಯೋಗಳು ಇದನ್ನು ಹೇಳುವುದಿಲ್ಲ. ಬೇಸ್ ನಾಬ್ ಏರಿಸಿದರೆ ಸ್ವರದ ಜೊತೆ ಈ ಸದ್ದೂ ಅಷ್ಟೇ ಪಟ್ಟು ಏರುತ್ತದೆ. ಹಮ್ ತೆಗೆಯಬೇಕೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಥವಾ ಅರ್ಥ್ ವೈರ್ ಬಿಚ್ಚುವ ಕೆಟ್ಟ ರೂಢಿ ಕೆಲವು ಕಡೆ ಇದೆ. ತಂತಿಗಳೆಲ್ಲ ಲೋಹದ್ದು, ಅವು ಕೇಬಲ್ಲಿನ ಮೂಲಕ ಆಂಪ್‌ನ ಅರ್ಥ್‌ಗೆ ಜೋಡಿಸಿಕೊಂಡಿರುತ್ತವೆ. ಅರ್ಥ್ ಇಲ್ಲದ ಆಂಪ್‌ನಲ್ಲಿ ದೋಷ ಬಂದರೆ ಕರೆಂಟು ನೇರ ವಾದಕನ ಬೆರಳಿಗೆ ಬರುತ್ತದೆ. ಬೇಸನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತುವುದೇ ಸುರಕ್ಷಿತ ದಾರಿ. ಪ್ಲಗ್ಗಿನ ತಂಟೆಗೆ ಹೋಗಲೇಬಾರದು.

ಬೇಸ್ ನಾಬ್ ಕೆಲಸ ಮಾಡುವುದು ತಳದಲ್ಲಿ. ಅಗ್ವಿಲಾರ್ ಕಂಪನಿಯ ಓಬಿಪಿ-3 ಪ್ರೀಆಂಪ್ ಉದಾಹರಣೆಗೆ ತೆಗೆದುಕೊಂಡರೆ ಅದರ ಬೇಸ್ ನಿಂತಿರುವುದು 40 ಹರ್ಟ್ಸ್‌ನಲ್ಲಿ, ಅಂದರೆ ಖಾಲಿ ಇ ತಂತಿಯ ಬುಡದಲ್ಲಿ. ಒಬ್ಬನೇ ಕೋಣೆಯಲ್ಲಿ ಕೂತು ನುಡಿಸುವಾಗ ಅದನ್ನು ಏರಿಸಿದರೆ ಸುಖವಾಗಿರುತ್ತದೆ. ರಸಮಂಜರಿ ವೇದಿಕೆಯಲ್ಲಿ ಅದೇ ಜಾಗಕ್ಕೆ ತಬಲಾದ ಡಗ್ಗಾ, ಢೋಲಕ್‌ನ ಎಡಮುಖ, ರಿದಮ್ ಪ್ಯಾಡಿನ ಕಿಕ್, ಕೀಬೋರ್ಡಿನ ಎಡಗೈ ಎಲ್ಲವೂ ಬಂದು ನಿಲ್ಲುತ್ತವೆ. ಡೊಳ್ಳು ಇದ್ದರೆ ಕೇಳುವುದೇ ಬೇಡ. ಎಲ್ಲರೂ ತಳ ಏರಿಸಿದರೆ ಯಾರದ್ದೂ ಕೇಳಿಸುವುದಿಲ್ಲ. ಇಂಥಲ್ಲಿ ಬೇಸ್ ನಾಬನ್ನು ನಡುಬಿಂದುವಿನಿಂದ ಕೊಂಚ ಎಡಕ್ಕೆ ಸರಿಸಿ ಡಗ್ಗಾಕ್ಕೆ ಜಾಗ ಬಿಟ್ಟುಕೊಟ್ಟವರ ಬೇಸೇ ಕೊನೆಯ ಸಾಲಿನವರಿಗೂ ಕೇಳುತ್ತದೆ. ಮಾತು ವಿರೋಧಾಭಾಸದಂತೆ ಕಂಡರೂ ವೇದಿಕೆಯ ಮೇಲೆ ಒಮ್ಮೆ ಮಾಡಿ ನೋಡಿದರೆ ಸಾಕು.

ಬೇಸ್ ಸ್ಪಷ್ಟವಾಗಿ ಕೇಳುವುದು ಮಿಡ್‌ನಿಂದ. ಖಾಲಿ ಇ ತಂತಿ ಮೀಟಿದಾಗ 41 ಹರ್ಟ್ಸ್ ಮಾತ್ರ ಹುಟ್ಟುವುದಿಲ್ಲ. 82, 124, 165 ಹೀಗೆ ಅದರ ಪಟ್ಟುಗಳ ಇಡೀ ಸಾಲೇ ಏಳುತ್ತದೆ. ಮೊಬೈಲಿನ ಸ್ಪೀಕರು, ಸಣ್ಣ ಟಿವಿ ಇವು 41 ಹರ್ಟ್ಸನ್ನು ನುಡಿಸಲಾರವು. ಆದರೂ ಬೇಸ್ ಕೇಳುತ್ತದೆ, ಏಕೆಂದರೆ ಮೇಲಿನ ಪಟ್ಟುಗಳು ಸಿಕ್ಕರೆ ಸಾಕು, ಕಾಣೆಯಾದ ಮೂಲ ಸ್ವರವನ್ನು ನಮ್ಮ ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ಆ ಪಟ್ಟುಗಳಲ್ಲಿ ಹಲವು ಇರುವುದು ಮಿಡ್‌ನ ಸೀಮೆಯಲ್ಲಿ. ಓಬಿಪಿ-3ರಲ್ಲಿ ಮಿಡ್‌ಗೆ 400 ಇಲ್ಲವೆ 800 ಹರ್ಟ್ಸ್ ಎಂಬ ಆಯ್ಕೆ ಇದೆ. ಮೊದಲನೆಯದು ದನಿಗೆ ಮೈ ತುಂಬುತ್ತದೆ, ಎರಡನೆಯದು ಬೆರಳಿನ ಮಾತನ್ನು ಮುಂದೆ ತರುತ್ತದೆ. ಗಾಯಕರ ದನಿಯೂ ಇದೇ ಬೀದಿಯಲ್ಲಿ ಓಡಾಡುವುದರಿಂದ ಪದ ಹಾಡುವಾಗ ಮಿಡ್ ಸ್ವಲ್ಪ ತಗ್ಗಿಸಿ, ನಡುವಿನ ವಾದ್ಯದ ತುಣುಕಿನಲ್ಲಿ ಏರಿಸುವ ಜಾಣ ವಾದಕರಿದ್ದಾರೆ. ಮಿಡ್ ಪೂರ್ತಿ ಕತ್ತರಿಸಿ ಬೇಸ್, ಟ್ರೆಬಲ್ ಎರಡನ್ನೂ ಏರಿಸುವ ವಿನ್ಯಾಸ ಮನೆಯಲ್ಲಿ ಮನಸೆಳೆಯುತ್ತದೆ, ವೇದಿಕೆಯ ಮೇಲೆ ಬೇಸನ್ನೇ ಮಾಯ ಮಾಡುತ್ತದೆ.

ಕೆಲವು ವಾದ್ಯಗಳಲ್ಲಿ ಮಿಡ್‌ನ ಜಾಗವನ್ನೇ ಜರುಗಿಸುವ ಇನ್ನೊಂದು ನಾಬ್ ಇರುತ್ತದೆ. ಅದನ್ನು ಮಾತ್ರ ತಿರುಗಿಸಿದರೆ ಏನೂ ಆಗುವುದಿಲ್ಲ, ಮಿಡ್ ನಡುಬಿಂದುವಿನಲ್ಲಿದ್ದರೆ ಜರುಗಿಸಲು ಅಲ್ಲಿ ಏರಿಳಿತವೇ ಇಲ್ಲ. ಮೊದಲು ಮಿಡ್ ಏರಿಸಿ, ಆಮೇಲೆ ಎರಡನೆಯದನ್ನು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ದನಿ ಎಲ್ಲಿ ಅಸಹ್ಯವಾಗಿ ಕೊರೆಯುತ್ತದೋ ಅಲ್ಲಿ ನಿಲ್ಲಿಸಿ ಮಿಡ್ಡನ್ನು ಎಡಕ್ಕೆ ಇಳಿಸಿದರೆ ಕೋಣೆಯಲ್ಲಿ ಕೇಳುವ ಆ ಕೊರೆತ ಕಡಿಮೆಯಾಗುತ್ತದೆ.

ಟ್ರೆಬಲ್ ನಾಬ್‌ಗೆ ಇಲ್ಲದ್ದನ್ನು ಹುಟ್ಟಿಸುವ ಶಕ್ತಿ ಇಲ್ಲ. ತಂಬೂರಿಯ ಜವಾರಿಗೆ ಜೀವದ ದಾರ ಕೂರಿಸಿದಾಗ ತಂತಿಯಲ್ಲೇ ಮೇಲಿನ ಸ್ವರಗಳು ಅರಳುತ್ತವೆ. ಜವಾರಿ ಸವೆದಿದ್ದರೆ ಎದುರಿಗೆ ಎಂಥ ಮೈಕ್ ಇಟ್ಟರೂ ಅವು ಬಾರವು. ಬೇಸಿನಲ್ಲೂ ಹಾಗೆಯೇ. ಬೆವರು, ಧೂಳು ಹಿಡಿದ ಹಳೆಯ ತಂತಿಯ ಮೇಲೆ ಟ್ರೆಬಲ್ ಏರಿಸಿದರೆ ಸಿಗುವುದು ಸುಯ್ ಎನ್ನುವ ಗಾಳಿಸದ್ದು ಮತ್ತು ಫ್ರೆಟ್‌ಗೆ ತಂತಿ ತಾಗುವ ಟಿಕ್‌ಟಿಕ್. ಹೊಸ ತಂತಿ ಹಾಕುವುದೇ ಮದ್ದು.

ಇನ್ನು ಸ್ವಿಚ್‌ಗಳು. ಆ್ಯಕ್ಟಿವ್–ಪ್ಯಾಸಿವ್ ಸ್ವಿಚ್ ಪ್ರೀಆಂಪನ್ನು ದಾರಿಯಿಂದ ಪಕ್ಕಕ್ಕೆ ಸರಿಸುತ್ತದೆ. ಆಗ ಈಕ್ಯೂ ನಾಬ್‌ಗಳೆಲ್ಲ ನಿರ್ಜೀವ, ವಾಲ್ಯೂಮ್, ಬ್ಯಾಲೆನ್ಸ್, ಇದ್ದರೆ ಪ್ಯಾಸಿವ್ ಟೋನ್ ಮಾತ್ರ ನಡೆಯುತ್ತವೆ. ಹಾಡಿನ ನಡುವೆ ಬ್ಯಾಟರಿ ಸತ್ತರೆ ಕಾಪಾಡುವುದು ಈ ಸ್ವಿಚ್; ಇದಿಲ್ಲದ ವಾದ್ಯ ಪೂರ್ತಿ ಮೂಕವಾಗುತ್ತದೆ. ಯಮಹಾ ಟಿಆರ್‌ಬಿಎಕ್ಸ್304ರಲ್ಲಿ ಸ್ಲ್ಯಾಪ್, ಪಿಕ್, ಫ್ಲ್ಯಾಟ್, ಫಿಂಗರ್, ಸೋಲೋ ಎಂಬ ಐದು ಮನೆಗಳ ಸ್ವಿಚ್ ಇದೆ. ಕಂಪನಿಯವರೇ ಹೊಂದಿಸಿಟ್ಟ ಐದು ದನಿಗಳವು. ಕಲಿಯುವವರು ಫ್ಲ್ಯಾಟ್‌ನಲ್ಲಿ ಶುರುಮಾಡಿ ಉಳಿದವು ಏನನ್ನು ಬದಲಿಸುತ್ತವೆ ಎಂದು ಒಂದೇ ಸ್ವರ ನುಡಿಸಿ ಹೋಲಿಸಿದರೆ ಕಿವಿ ಬೇಗ ತಯಾರಾಗುತ್ತದೆ. ಐಬನೀಜ್‌ನ ಎಸ್‌ಆರ್ ಸಾಲಿನ ಹಲವು ಬೇಸ್‌ಗಳಲ್ಲಿ ಪಿಕಪ್ ಪ್ಯಾಸಿವ್, ಈಕ್ಯೂ ಮಾತ್ರ ಆ್ಯಕ್ಟಿವ್. ಇಎಂಜಿ ಪಿಕಪ್‌ಗಳಲ್ಲಾದರೋ ಪ್ರೀಆಂಪ್ ಪಿಕಪ್ಪಿನ ಒಳಗೇ ಇದೆ. ಅಲ್ಲಿ ಬ್ಯಾಟರಿ ಹೋದರೆ ಯಾವ ಸ್ವಿಚ್ಚೂ ಉಳಿಸಲಾರದು.

ಬ್ಯಾಟರಿ ಸಾಮಾನ್ಯವಾಗಿ ಒಂಬತ್ತು ವೋಲ್ಟಿನದು. ಅದನ್ನು ಆನ್ ಮಾಡುವ ಬೇರೆ ಗುಂಡಿಯನ್ನು ಹುಡುಕಬೇಕಾಗಿಲ್ಲ. ಜ್ಯಾಕ್‌ಗೆ ಕೇಬಲ್ ಚುಚ್ಚಿದಾಗ ಅದರ ಲೋಹದ ಮೈ ಎರಡು ತುದಿಗಳನ್ನು ಕೂಡಿಸಿ ಬ್ಯಾಟರಿಯನ್ನು ಜೋಡಿಸುತ್ತದೆ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ, ಆಂಪ್ ಆಫ್ ಆಗಿದ್ದರೂ ಕೇಬಲ್ ಚುಚ್ಚಿದ್ದಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯ ದಾಸ್ತಾನು ಸುಮಾರು 500 ಮಿಲಿ ಆಂಪಿಯರ್ ಗಂಟೆ. ಒಂದು ಮಿಲಿ ಆಂಪಿಯರ್ ಎಳೆಯುವ ಪ್ರೀಆಂಪ್ ಇದ್ದರೆ ಕಾಗದದ ಮೇಲೆ ಐನೂರು ಗಂಟೆ. ನುಡಿಸಿದ ಮೇಲೆ ಕೇಬಲ್ ಕೀಳುವವರಿಗೆ ತಿಂಗಳುಗಟ್ಟಲೆ ಬರುತ್ತದೆ, ಚುಚ್ಚಿಟ್ಟು ಮರೆಯುವವರಿಗೆ ಮೂರು ವಾರದಲ್ಲಿ ಮುಗಿಯುತ್ತದೆ. ಜೋರಾಗಿ ಮೀಟಿದಾಗ ಮಾತ್ರ ದನಿ ಒಡೆಯತೊಡಗಿದರೆ ಅದು ಮೊದಲ ಸೂಚನೆ. ಹೊಸ ಬ್ಯಾಟರಿ ಮಲ್ಟಿಮೀಟರಿನಲ್ಲಿ ಒಂಬತ್ತೂವರೆ ವೋಲ್ಟಿನ ಹತ್ತಿರ ತೋರಿಸುತ್ತದೆ. ಎಂಟರ ಕೆಳಗಿಳಿದದ್ದನ್ನು ಜಾತ್ರೆಯ ಕಾರ್ಯಕ್ರಮಕ್ಕೆ ನಂಬಿ ಒಯ್ಯಬಾರದು. ಎರಡು ಬ್ಯಾಟರಿಯ ಹದಿನೆಂಟು ವೋಲ್ಟಿನ ವಾದ್ಯಗಳೂ ಇವೆ. ಅವು ಹೆಚ್ಚು ಜೋರಾಗಿ ನುಡಿಯುವುದಿಲ್ಲ, ಒಡೆಯುವ ಮುಂಚೆ ಆರು ಡೆಸಿಬೆಲ್‌ನಷ್ಟು ಹೆಚ್ಚು ಪೆಟ್ಟು ತಡೆಯುತ್ತವೆ.

ಸೌಂಡ್‌ನವರಿಗೆ ಕೇಬಲ್ ಕೊಡುವ ಮುಂಚೆ ಎರಡು ಮಾತು ತಿಳಿಸಬೇಕು. ಆ್ಯಕ್ಟಿವ್ ಬೇಸಿನ ಸಂಕೇತ ಬಲವಾದದ್ದು, ಆದ್ದರಿಂದ ಆಂಪ್‌ನಲ್ಲಿ ‘ಆ್ಯಕ್ಟಿವ್’ ಎಂದು ಬರೆದ ಇನ್‌ಪುಟ್ ಇಲ್ಲವೆ ಪ್ಯಾಡ್ ಸ್ವಿಚ್ ಬಳಸಬೇಕು. ಮಿಕ್ಸರಿಗೆ ಹೋಗುವಾಗ ಸಾದಾ ಪ್ಯಾಸಿವ್ ಡಿಐ ಬಾಕ್ಸೇ ಸಾಕಾಗುತ್ತದೆ. ಕೇಬಲ್ ಚುಚ್ಚುವಾಗ, ಕೀಳುವಾಗ ಚಾನೆಲ್ ಮ್ಯೂಟ್ ಇರಲಿ. ಬ್ಯಾಟರಿ ಜೋಡಣೆಯಾಗುವ ಕ್ಷಣದಲ್ಲಿ ಏಳುವ ಢಬ್ ಸದ್ದಿಗೆ ದೊಡ್ಡ ಸ್ಪೀಕರುಗಳೂ ಹಾಳಾಗಿವೆ.

ತಳದ ಕಂಪನಗಳನ್ನು ಗಾಳಿ ಬೇಗ ಹೀರಿಕೊಳ್ಳುವುದಿಲ್ಲ, ಗೋಡೆ, ಗಿಡಮರಗಳನ್ನೂ ಅವು ಬಳಸಿಕೊಂಡು ದಾಟುತ್ತವೆ. ದೂರದ ಊರಿಗೆ ಹಾಡು ಕೇಳಿಸದೆ ಬೇಸ್ ಮಾತ್ರ ಕೇಳಿಸುವುದು ಅದಕ್ಕೇ. ಆ ದೂರದಲ್ಲಿ ಊರುಗಳಷ್ಟೇ ಅಲ್ಲ, ಹಕ್ಕಿಗಳ ತಾಣಗಳೂ ಇರಬಹುದು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿ ಸೇರಿದ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ತಂಗುತ್ತವೆ. ಅಂಥ ನೀರಿನ ಸುತ್ತಲಿನ ಊರುಗಳಲ್ಲಿ ಬಯಲು ಕಾರ್ಯಕ್ರಮ ಮಾಡುವ ವಾದಕನ ಕೈಯಲ್ಲಿರುವ ಬೇಸ್ ನಾಬ್ ಬರೀ ರುಚಿಯ ವಿಷಯವಾಗಿ ಉಳಿಯುವುದಿಲ್ಲ. ಧ್ವನಿವರ್ಧಕಗಳಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿರ್ಬಂಧ ಹಾಕುವ 2000ದ ಶಬ್ದಮಾಲಿನ್ಯ ನಿಯಮಗಳು ಹೇಗೂ ಇವೆ. ಅದಕ್ಕೂ ಮುಂಚಿನ ಹೊತ್ತಿನಲ್ಲಿ ತಳವನ್ನು ಹತೋಟಿಯಲ್ಲಿಡುವುದು ವಾದಕನಿಗೇ ಬಿಟ್ಟದ್ದು.

ಬಯಲುಸೀಮೆಯ ಧೂಳಿಗೆ ನಾಬ್‌ಗಳು ಬೇಗ ಕರಕರ ಎನ್ನತೊಡಗುತ್ತವೆ. ಹಿಂಬದಿಯ ಮುಚ್ಚಳ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಹೋಗದಿದ್ದರೆ ಆಂಪ್ಲಿಫೈಯರ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲೂ ನಾಬ್‌ನ ಕೆಳಗಿನ ಪಾಟ್ (ಪೊಟೆನ್ಶಿಯೊಮೀಟರ್) ಬದಲಿಸಬಲ್ಲರು. ಹಳೆಯದರ ಬೆನ್ನಿನ ಮೇಲೆ ಮುದ್ರಿಸಿದ ಅಂಕಿಯನ್ನು ಓದಿಸಿ ಅದನ್ನೇ ಹಾಕಿಸಬೇಕು. ಇಎಂಜಿಯಂಥ ಆ್ಯಕ್ಟಿವ್ ಪಿಕಪ್‌ಗಳಿಗೆ 25 ಕಿಲೋ ಓಮ್, ಪ್ಯಾಸಿವ್ ಪಿಕಪ್ಪಿನ ವಾಲ್ಯೂಮಿಗೆ 250 ಇಲ್ಲವೆ 500. ಪ್ಯಾಸಿವ್ ಪಿಕಪ್ಪಿಗೆ 25ರದ್ದು ಹಾಕಿದರೆ ದನಿ ಕುಗ್ಗಿ ಟ್ರೆಬಲ್ ಕಾಣೆಯಾಗುತ್ತದೆ. ಬ್ಯಾಲೆನ್ಸ್ ನಾಬ್‌ಗೆ ನಡುವೆ ಕಟ್ ಇರುವ ಜೋಡಿ ಪಾಟೇ ಬೇಕು.